ಆ ಒಂದು ಹೊತ್ತು ದಾಟಿಸಿದರೆ

ಹಳ್ಳಿಯಲ್ಲಿ ಯಾರಾದರೂ ತಮ್ಮ ಜೀವ ತಾವೇ ಕಳೆದುಕೊಂಡರೆ, ಮಣ್ಣು ಮಾಡಿ ಬಂದ ಸಂಜೆ ಕಟ್ಟೆ ಮೇಲೆ ಮೊದಲು ಬರುವ ಮಾತು ಇದು: "ಒಂದು ಮಾತು ಹೇಳಬಾರದಿತ್ತಾ, ನಾವೆಲ್ಲ ಇರಲಿಲ್ವಾ?" ಸ್ವಲ್ಪ ಹೊತ್ತು ಎಲ್ಲರೂ ಸುಮ್ಮನಿರುತ್ತಾರೆ. ಆಮೇಲೆ ಒಬ್ಬೊಬ್ಬರಾಗಿ ಬಾಯಿ ಬಿಡುತ್ತಾರೆ. ಹದಿನೈದು ದಿನದಿಂದ ಹೋಟೆಲ್ ಕಡೆಗೇ ಬಂದಿರಲಿಲ್ಲ ಅಂತ ಒಬ್ಬರು. ಡೇರಿಗೆ ಹಾಲು ಹಾಕುವುದು ನಿಲ್ಲಿಸಿದ್ದ, ಕೇಳಿದರೆ ಹಸು ಕೊಟ್ಟುಬಿಟ್ಟೆ ಅಂದ ಅಂತ ಇನ್ನೊಬ್ಬರು. ಗೊಬ್ಬರದ ಅಂಗಡಿಯವರು, "ಮೊನ್ನೆ ತಾನಾಗೇ ಬಂದು ಹಳೇ ಬಾಕಿ ನೂರು ರೂಪಾಯಿ ಕೊಟ್ಟು ಹೋದ, ನಾನು ಕೇಳಿಯೇ ಇರಲಿಲ್ಲ" ಅನ್ನುತ್ತಾರೆ. ರಾತ್ರಿಯೆಲ್ಲ ಅಂಗಳದಲ್ಲಿ ಓಡಾಡುತ್ತಿದ್ದ ಅಂತ ಪಕ್ಕದ ಮನೆ ಅಜ್ಜಿ.

ಎಲ್ಲರಿಗೂ ಒಂದೊಂದು ಚೂರು ಗೊತ್ತಿತ್ತು. ಆ ಚೂರುಗಳು ಒಂದು ಕಡೆ ಸೇರಿದ್ದು ಮಾತ್ರ ಸಾವಾದ ಮೇಲೆ.

ಸಮುದಾಯದ ಮಟ್ಟದಲ್ಲಿ ಆತ್ಮಹತ್ಯೆ ತಡೆಯುವುದು ಅಂದರೆ ಏನೋ ದೊಡ್ಡ ಸರ್ಕಾರಿ ಯೋಜನೆಯ ಹೆಸರಿನ ಹಾಗೆ ಕೇಳಿಸುತ್ತದೆ. ನನಗೆ ಅರ್ಥವಾದ ಮಟ್ಟಿಗೆ ಅದರ ಒಳಗಿರುವುದು ಎರಡು ಕೆಲಸ. ಆ ಚೂರುಗಳನ್ನು ಬದುಕಿದ್ದಾಗಲೇ ಸೇರಿಸುವುದು ಒಂದು. ಸಾಯಬೇಕು ಅನ್ನಿಸುವ ಆ ಕೆಟ್ಟ ಹೊತ್ತನ್ನು ಹೇಗಾದರೂ ದಾಟಿಸುವುದು ಇನ್ನೊಂದು. ಉಳಿದದ್ದೆಲ್ಲ ಈ ಎರಡನ್ನು ಮಾಡುವ ಬಗೆಗಳು.

ಮುಂದೆ ಹೋಗುವ ಮೊದಲು ಒಂದು ಮಾತು. ಇದನ್ನು ಓದುತ್ತಿರುವ ನಿಮಗೇ ಹಾಗೆ ಅನ್ನಿಸುತ್ತಿದ್ದರೆ ಲೇಖನ ಇಲ್ಲೇ ಬಿಡಿ, 14416 ಗೆ ಫೋನ್ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ್ದು, ದುಡ್ಡು ಇಲ್ಲ, ಹಗಲು ರಾತ್ರಿ ಎನ್ನದೆ ಕನ್ನಡದಲ್ಲೇ ಮಾತಾಡಬಹುದು. ಮನೆಯಲ್ಲೋ ಪಕ್ಕದಲ್ಲೋ ಯಾರಾದರೂ ಇದ್ದರೆ ಕೂಗಿ ಕರೆಯಿರಿ. ಈಗ ಒಬ್ಬರೇ ಇರಬೇಡಿ. ಲೇಖನ ಎಲ್ಲೂ ಹೋಗುವುದಿಲ್ಲ, ಆಮೇಲೆ ಓದಿದರಾಯಿತು.

ಲೆಕ್ಕದಲ್ಲಿ ಕಾಣುವವರು, ಕಾಣದವರು

ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಪ್ರತಿ ವರ್ಷ ಈ ಸಾವುಗಳ ಲೆಕ್ಕ ಕೊಡುತ್ತದೆ. 2022 ರಲ್ಲಿ ದೇಶದಲ್ಲಿ 1,70,924 ಜನ, ಕರ್ನಾಟಕದಲ್ಲಿ 13,606 ಜನ. ನಮ್ಮ ಪತ್ರಿಕೆಗಳಲ್ಲಿ ಇದರ ಸುದ್ದಿ ಬಂದಾಗ ತಲೆಬರಹ ಹೆಚ್ಚಾಗಿ ರೈತರದ್ದೇ ಇರುತ್ತದೆ, ನಮ್ಮ ಕಣ್ಣಿಗೆ ಬರುವ ಚಿತ್ರವೂ ಅದೇ: ಪಹಣಿ ಇರುವ, ಬೆಳೆ ಕೈಕೊಟ್ಟ, ಸಾಲ ಮಾಡಿದ ನಡುವಯಸ್ಸಿನ ಗಂಡಸು. ಆ ಚಿತ್ರ ಸುಳ್ಳಲ್ಲ. ಆದರೆ ಅದೇ ವರ್ಷ ಕೃಷಿ ನಂಬಿದವರಲ್ಲಿ ಸತ್ತ 11,290 ಜನರಲ್ಲಿ 6,083 ಜನ ಕೃಷಿ ಕೂಲಿಗಳು. ಜಮೀನು ಮಾಡುವವರಿಗಿಂತ ಜಾಸ್ತಿ. ಇವರಿಗೆ ಪಹಣಿ ಇಲ್ಲ, ಬೆಳೆ ಸಾಲ ಇಲ್ಲ, ಆದ್ದರಿಂದ ಸಾಲ ಮನ್ನಾ ಅಂತ ಬಂದಾಗಲೂ ಇವರ ಹೆಸರು ಇಲ್ಲ. ಗೃಹಿಣಿಯರು ಅಂತ ಬರೆಸಿಕೊಂಡವರು 25,309. ಹಳ್ಳಿಯ ಗೃಹಿಣಿ ಅಂದರೆ ಯಾರು ಅಂತ ನಿಮಗೆ ಗೊತ್ತಲ್ವಾ? ಬೆಳಗ್ಗೆ ಕಸ ಬಳಿದು, ಬುತ್ತಿ ಕಟ್ಟಿ, ಕಳೆ ಕೀಳಲು ಹೋಗಿ, ಸಂಜೆ ದನಕ್ಕೆ ಹುಲ್ಲು ಹೊತ್ತು ತರುವವಳು. ಅವಳೂ ರೈತಳೇ. ಜಮೀನು ಅವಳ ಹೆಸರಲ್ಲಿ ಇಲ್ಲ ಅಷ್ಟೆ.

ಕಾರಣದ ಕಾಲಂ ನೋಡಿದರೂ ಹಾಗೆ. ಅದೇ ವರದಿಯಲ್ಲಿ 'ಕೌಟುಂಬಿಕ ಸಮಸ್ಯೆ' 100 ಕ್ಕೆ ಸುಮಾರು 32, 'ಕಾಯಿಲೆ' 100 ಕ್ಕೆ ಸುಮಾರು 18. ಪೊಲೀಸರು ಬರೆಯುವ ಕಾಗದದಲ್ಲಿ ಒಂದು ಕಾರಣಕ್ಕೆ ಜಾಗ. ಬದುಕಿನಲ್ಲಿ ಹಾಗೆ ಒಂದೇ ಕಾರಣ ಇರುವುದಿಲ್ಲ. ಹೊಲದಿಂದ ಹುಲ್ಲಿನ ಹೊರೆ ಹೊತ್ತು ಬರುವವರನ್ನು ನೋಡಿದ್ದೀರಲ್ಲ, ಒಂದೊಂದೇ ಕಟ್ಟು ಏರಿಸಿಕೊಂಡು ಹೋದ ಹಾಗೆ ಕತ್ತು ಬಾಗುತ್ತದೆ, ಕೊನೆಯ ಕಟ್ಟು ಇಟ್ಟಾಗ ಕಾಲು ಕುಸಿದರೆ ಆ ಕೊನೆಯ ಕಟ್ಟಿನಿಂದಲೇ ಆಯಿತು ಅನ್ನಲು ಬರುತ್ತದಾ? ಬೋರ್ ಫೇಲ್ ಆಗಿದ್ದು ಒಂದು ಕಟ್ಟು. ಮಗಳ ಮದುವೆಗೆ ತಂದ ಕೈಸಾಲ ಒಂದು. ಕುಡಿತ ಒಂದು. ಎರಡು ವರ್ಷದಿಂದ ಯಾರಿಗೂ ಹೇಳದ, ತಾನೂ ಕಾಯಿಲೆ ಅಂತ ತಿಳಿಯದ ಖಿನ್ನತೆ ಒಂದು. ಬ್ಯಾಂಕಿನವರು ಮನೆ ಬಾಗಿಲಲ್ಲಿ ನಾಲ್ಕು ಜನರ ಎದುರು ಆಡಿದ ಮಾತು ಕೊನೆಯದು. 2002 ರಲ್ಲಿ ಕರ್ನಾಟಕ ಸರ್ಕಾರಕ್ಕೆ ವರದಿ ಕೊಟ್ಟ ಡಾ. ಜಿ. ಕೆ. ವೀರೇಶ್ ಸಮಿತಿ ಕೂಡ ರೈತರ ಆತ್ಮಹತ್ಯೆಗೆ ಸಾಲ ಒಂದೇ ಕಾರಣ ಅನ್ನಲಿಲ್ಲ.

ಇದರಿಂದ ನಮಗೆ ಸಿಗುವ ಒಳ್ಳೆಯ ಸುದ್ದಿಯೂ ಇದೆ. ಇಡೀ ಹೊರೆ ಇಳಿಸಲು ನಮ್ಮಿಂದ ಆಗದಿರಬಹುದು. ಒಂದು ಕಟ್ಟು ತೆಗೆದರೂ ಆ ಮನುಷ್ಯ ನೆಟ್ಟಗೆ ನಿಂತಾನು.

ಕೆಟ್ಟ ಹೊತ್ತು ಅಂದರೆ ಏನು

ಸಾಯಬೇಕು ಅಂದುಕೊಂಡವರನ್ನು ಯಾರೂ ತಡೆಯಲಾಗದು, ಇವತ್ತು ತಡೆದರೆ ನಾಳೆ ಮಾಡಿಕೊಳ್ಳುತ್ತಾರೆ ಅನ್ನುವ ಮಾತು ನಮ್ಮಲ್ಲಿ ತುಂಬಾ ಗಟ್ಟಿಯಾಗಿ ಕೂತಿದೆ. ಅದು ತಪ್ಪು. ಉಳಿದು ಬಂದವರನ್ನು ಮಾತಾಡಿಸಿದ ವೈದ್ಯರು ಮತ್ತೆ ಮತ್ತೆ ಹೇಳುವುದು ಬೇರೆಯೇ. ಒಳಗೆ ಸಾಯಬೇಕು ಅನ್ನುವುದೂ ಇರುತ್ತದೆ, ಬದುಕಬೇಕು ಅನ್ನುವುದೂ ಇರುತ್ತದೆ, ಎರಡೂ ಎಳೆದಾಡುತ್ತಿರುತ್ತವೆ. ತಿಂಗಳುಗಟ್ಟಲೆ ನೋವು ಇದ್ದರೂ ಕೈ ಮುಂದಾಗುವ ಆ ಗಳಿಗೆ ಹೆಚ್ಚಿನವರಲ್ಲಿ ಬಹಳ ಚಿಕ್ಕದು. ಜಗಳ ಆಯಿತು, ಅವಮಾನ ಆಯಿತು, ಕುಡಿದಿದ್ದರು, ಮನೆಯಲ್ಲಿ ಯಾರೂ ಇರಲಿಲ್ಲ. ಆ ಹೊತ್ತು ದಾಟಿದವರಲ್ಲಿ ಹೆಚ್ಚಿನವರು ಮುಂದೆ ಆತ್ಮಹತ್ಯೆಯಿಂದ ಸಾಯುವುದಿಲ್ಲ.

ಹಳ್ಳಿಯಲ್ಲಿ ಆ ಚಿಕ್ಕ ಹೊತ್ತನ್ನು ಇಷ್ಟು ಅಪಾಯದ್ದಾಗಿ ಮಾಡಿರುವುದು ಮನೆಯೊಳಗೆ ಇರುವ ಕೀಟನಾಶಕ. ಅಟ್ಟದ ಕೆಳಗೆ, ಸ್ಪ್ರೇ ಪಂಪಿನ ಪಕ್ಕ, ಜೋಳದ ಚೀಲದ ಹಿಂದೆ. ನಾವು ಅದನ್ನು 'ಔಷಧಿ' ಅಂತಲೇ ಕರೆಯುತ್ತೇವೆ. ಯಾವುದು ಎಷ್ಟು ವಿಷ ಅನ್ನುವ ವಿವರ ನಾನು ಇಲ್ಲಿ ಬೇಕಂತಲೇ ಬರೆಯುತ್ತಿಲ್ಲ, ಪತ್ರಿಕೆಗಳೂ ಬರೆಯಬಾರದು.

ಇಲ್ಲಿ ಶ್ರೀಲಂಕಾದ ಕಥೆ ಸ್ವಲ್ಪ ನಿಧಾನವಾಗಿ ಹೇಳಬೇಕು. 1995 ರ ಹೊತ್ತಿಗೆ ಅಲ್ಲಿ ಒಂದು ಲಕ್ಷ ಜನರಿಗೆ ವರ್ಷಕ್ಕೆ ಸುಮಾರು 47 ಜನ ಹೀಗೆ ಸಾಯುತ್ತಿದ್ದರು, ಪ್ರಪಂಚದಲ್ಲೇ ಅತಿ ಹೆಚ್ಚಿನ ಪ್ರಮಾಣಗಳಲ್ಲಿ ಅದೂ ಒಂದು. ಅಲ್ಲಿನ ಸರ್ಕಾರ ಅತಿ ವಿಷದ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸುತ್ತಾ ಬಂತು. 1995 ರಲ್ಲಿ ಒಂದಷ್ಟು, 1998 ರಲ್ಲಿ ಇನ್ನೊಂದು, 2008 ರಿಂದ 2011 ರ ನಡುವೆ ಮತ್ತೆ ಕೆಲವು. ಇಪ್ಪತ್ತು ವರ್ಷದಲ್ಲಿ ಒಟ್ಟು ಆತ್ಮಹತ್ಯೆ ಪ್ರಮಾಣ ಶೇಕಡಾ ಸುಮಾರು 70 ರಷ್ಟು ಇಳಿಯಿತು. ಆ ಅವಧಿಯಲ್ಲಿ ಸುಮಾರು 93,000 ಜೀವ ಉಳಿದಿವೆ ಅಂತ ಸಂಶೋಧಕರ ಅಂದಾಜು. ಆ ನಿಷೇಧಗಳಿಂದ ಬೆಳೆಯ ಇಳುವರಿಗೆ ಹೊಡೆತ ಬಿತ್ತು ಅನ್ನುವುದೂ ಕಾಣಲಿಲ್ಲ. ಗಮನಿಸಿ, ಇಳಿದಿದ್ದು ಒಟ್ಟು ಪ್ರಮಾಣ. ಒಂದು ದಾರಿ ಮುಚ್ಚಿದರೆ ಇನ್ನೊಂದು ಹುಡುಕುತ್ತಾರೆ ಅನ್ನುವ ಮಾತು ನಿಜವಾಗಿದ್ದರೆ ಅದು ಹೀಗೆ ಇಳಿಯುತ್ತಲೇ ಇರಲಿಲ್ಲ. ಜನರ ಕಷ್ಟ ಆ ಇಪ್ಪತ್ತು ವರ್ಷದಲ್ಲಿ ಮಾಯವಾಗಿರಲಿಲ್ಲ, ಅಲ್ಲಿ ಯುದ್ಧವೇ ನಡೆದಿತ್ತು. ಆ ಹೊತ್ತಿನಲ್ಲಿ ಕೈಗೆ ಸಿಗುವುದು ಅಷ್ಟು ಘೋರವಾಗಿರಲಿಲ್ಲ, ಆಸ್ಪತ್ರೆ ತಲುಪಿದವರು ಉಳಿದುಕೊಂಡರು, ಉಳಿದವರು ಮುಂದೆ ಬದುಕಿದರು.

ಹಾಗಾದರೆ ಮನೆ ಮನೆಗೆ ಬೀಗದ ಪೆಟ್ಟಿಗೆ ಕೊಟ್ಟರೆ ಸಾಕಲ್ವಾ? ಅದನ್ನೂ ಶ್ರೀಲಂಕಾದಲ್ಲೇ ನೋಡಿದರು. ಅನುರಾಧಪುರ ಜಿಲ್ಲೆಯ 180 ಹಳ್ಳಿಗಳಲ್ಲಿ ದೊಡ್ಡ ಪ್ರಯೋಗ, ಅರ್ಧಕ್ಕೆ ಪೆಟ್ಟಿಗೆ ಕೊಟ್ಟರು, ಅರ್ಧಕ್ಕೆ ಕೊಡಲಿಲ್ಲ. 2017 ರಲ್ಲಿ ಫಲಿತಾಂಶ ಬಂತು: ವ್ಯತ್ಯಾಸ ಕಾಣಲಿಲ್ಲ. ಯೋಚಿಸಿದರೆ ಆಶ್ಚರ್ಯವಿಲ್ಲ. ಪೆಟ್ಟಿಗೆ ಮನೆಯಲ್ಲೇ, ಕೀಲಿಯೂ ಮನೆಯಲ್ಲೇ. ಸುಗ್ಗಿ ಕೆಲಸದ ಗಡಿಬಿಡಿಯಲ್ಲಿ ಬೀಗ ಹಾಕುವವರು ಯಾರು?

ತಮಿಳುನಾಡಿನಲ್ಲಿ ಇದನ್ನೇ ಬೇರೆ ಥರ ಮಾಡಿ ನೋಡಿದರು. ಆತ್ಮಹತ್ಯೆ ತಡೆಯುವ ಕೆಲಸ ಮಾಡುವ ಚೆನ್ನೈನ ಸ್ನೇಹಾ ಸಂಸ್ಥೆ ಕಟ್ಟಿದ ಮನೋವೈದ್ಯೆ ಡಾ. ಲಕ್ಷ್ಮಿ ವಿಜಯಕುಮಾರ್ ಮತ್ತು ಜೊತೆಗಾರರು ಕಡಲೂರು ಜಿಲ್ಲೆಯ ಕಾಟ್ಟುಮನ್ನಾರ್‌ಕೋಯಿಲ್ ಭಾಗದ ಎರಡು ಹಳ್ಳಿಗಳಲ್ಲಿ ಊರಿಗೆಲ್ಲ ಸೇರಿ ಒಂದು ಸಂಗ್ರಹದ ಮನೆ ಮಾಡಿದರು. ಬ್ಯಾಂಕ್ ಲಾಕರ್ ನೋಡಿದ್ದೀರಲ್ಲ, ಅದೇ ರೀತಿ. ಪ್ರತಿ ರೈತನಿಗೆ ಒಂದು ಖಾನೆ. ಬೇಕಾದಾಗ ಬಂದು, ಅಲ್ಲಿರುವವರ ಎದುರು ತೆಗೆದುಕೊಂಡು ಹೋಗಿ, ಉಳಿದದ್ದು ತಂದು ಇಡುವುದು. ಆತ್ಮಹತ್ಯೆ ಅಲ್ಲಿ ಕಡಿಮೆಯಾಯಿತು. ಎರಡೇ ಹಳ್ಳಿ, ಚಿಕ್ಕ ಅಧ್ಯಯನ, ಆದ್ದರಿಂದ ಇದೇ ಪರಿಹಾರ ಅಂತ ಡಂಗುರ ಸಾರಲು ಬರುವುದಿಲ್ಲ. ಆದರೂ ಮನೆಯ ಪೆಟ್ಟಿಗೆಗೂ ಇದಕ್ಕೂ ಇರುವ ವ್ಯತ್ಯಾಸ ನೋಡಿ. ಇಲ್ಲಿ ಎರಡು ಸಂಗತಿ ನಡುವೆ ಬರುತ್ತವೆ: ನಡೆದು ಹೋಗುವಷ್ಟು ದೂರ, ಮತ್ತು ಒಬ್ಬ ಮನುಷ್ಯನ ಮುಖ. ಮಧ್ಯರಾತ್ರಿಯ ಆ ಹೊತ್ತು ದಾಟಲು ಅಷ್ಟು ಸಾಕಾಗಬಹುದು.

ನಮ್ಮ ಸಹಕಾರ ಸಂಘಗಳ ಗೋದಾಮಿನಲ್ಲಿ ಇಂಥದ್ದೊಂದು ಮೂಲೆ ಮಾಡುವುದು ಅಂಥ ಕಷ್ಟದ ಕೆಲಸ ಅಲ್ಲ. ಅದು ಆಗುವವರೆಗೆ ಮನೆಯವರು ಮಾಡಬಹುದಾದ್ದೂ ಇದೆ. ಆ ಸಲಕ್ಕೆ ಬೇಕಾದಷ್ಟೇ ತರುವುದು, ಉಳಿದದ್ದನ್ನು ಇರಲಿ ಅಂತ ಮನೆಗೆ ತಂದು ಇಡದಿರುವುದು. ಮನೆಯಲ್ಲಿ ಯಾರ ಬಗ್ಗೆಯಾದರೂ ಭಯ ಇದ್ದರೆ ಅದನ್ನೆಲ್ಲ ಇವತ್ತೇ ಬೇರೆಯವರ ಮನೆಗೆ ಸಾಗಿಸುವುದು. "ಅಣ್ಣಾ, ಒಂದೆರಡು ತಿಂಗಳು ನಿಮ್ಮಲ್ಲಿ ಇರಲಿ" ಅಂದರೆ ಬೇಡ ಅನ್ನುವ ನೆರೆಯವರು ಕಡಿಮೆ.

ಕೇಳುವುದು

ಇಡೀ ವಿಷಯದಲ್ಲಿ ಜನರಿಗೆ ಅತಿ ಕಷ್ಟ ಅನ್ನಿಸುವುದು ಇದು. "ಹಾಗೆ ನೇರವಾಗಿ ಕೇಳಿದರೆ ಇಲ್ಲದ ಯೋಚನೆ ನಾವೇ ತಲೆಗೆ ಹಾಕಿದ ಹಾಗೆ ಆಗಲ್ವಾ?" ಆಗುವುದಿಲ್ಲ. ಇದನ್ನು ಬೇಕಾದಷ್ಟು ಅಧ್ಯಯನಗಳು ನೋಡಿವೆ. ಕೇಳಿದ್ದರಿಂದ ಯೋಚನೆ ಹುಟ್ಟುವುದಿಲ್ಲ, ಬಹಳ ಸಲ ಕೇಳಿಸಿಕೊಂಡವರಿಗೆ ಹಗುರ ಆಗುತ್ತದೆ. ತಿಂಗಳಿನಿಂದ ಒಬ್ಬರೇ ಹೊತ್ತಿದ್ದನ್ನು ಬೇರೆಯವರು ಮೊದಲ ಸಲ ಬಾಯಿಬಿಟ್ಟು ಹೇಳಿದರು ಅಂದರೆ ಅದು ಹೇಗಿರುತ್ತದೆ ಯೋಚಿಸಿ.

ನಮ್ಮ ದೊಡ್ಡಪ್ಪನ ಮನೆಯ ಜಗಲಿಯಲ್ಲಿ ಒಮ್ಮೆ ನಡೆದದ್ದು ಹೇಳುತ್ತೇನೆ. ದಾಯಾದಿಗಳಲ್ಲಿ ಒಬ್ಬ ಮಾವ, ಸತತ ಎರಡು ವರ್ಷ ಮೆಣಸಿನಕಾಯಿ ಕೈಕೊಟ್ಟಿತ್ತು, ಮಾತು ನಿಂತಿತ್ತು. ಊಟಕ್ಕೆ ಕೂತರೆ ಅನ್ನ ಕಲಸುತ್ತಾ ಕೂರುತ್ತಿದ್ದರು, ತುತ್ತು ಮೇಲೆ ಬರುತ್ತಿರಲಿಲ್ಲ. ಮನೆಯವರೆಲ್ಲ ಬುದ್ಧಿ ಹೇಳಿದ್ದರು, ದೇವಸ್ಥಾನಕ್ಕೆ ಕರೆದುಕೊಂಡು ಹೋಗಿ ದೃಷ್ಟಿ ತೆಗೆಸಿದ್ದೂ ಆಗಿತ್ತು. ಆವತ್ತು ಆಶಾ ಕಾರ್ಯಕರ್ತೆ, ಅವರೂ ನಮ್ಮ ಓಣಿಯವರೇ, ಬಿ.ಪಿ. ನೋಡುವ ನೆಪದಲ್ಲಿ ಬಂದು ಪಕ್ಕದಲ್ಲಿ ಕೂತರು. ಎದುರಿಗಲ್ಲ, ಪಕ್ಕದಲ್ಲಿ, ಇಬ್ಬರೂ ಬೀದಿ ನೋಡುತ್ತಿರುವ ಹಾಗೆ.

"ಮಾವ, ರಾತ್ರಿ ನಿದ್ದೆ ಬರುತ್ತಾ?"

"ಎಲ್ಲಿಯ ನಿದ್ದೆ."

ಸ್ವಲ್ಪ ಹೊತ್ತು ಸುಮ್ಮನಿದ್ದರು. "ಮಲಗಿದಾಗ ಏನು ಯೋಚನೆ ಬರುತ್ತೆ?"

ಮಾವ ಮಾತಾಡಲಿಲ್ಲ.

"ಈ ಜೀವನವೇ ಸಾಕು, ಸಾಯಬೇಕು ಅಂತ ಅನ್ನಿಸಿದೆಯಾ ಮಾವ?"

ಅತ್ತೆ ಒಳಗಿಂದ ಓಡಿ ಬಂದರು, ಅಂಥ ಮಾತು ಯಾಕಮ್ಮಾ ಆಡ್ತೀಯ ಅಂತ ಬೈಯಲು. ಅಷ್ಟರಲ್ಲಿ ಮಾವ ಟವೆಲ್ ಮುಖಕ್ಕೆ ಒತ್ತಿಕೊಂಡಿದ್ದರು. ಒಂದು ತಿಂಗಳಲ್ಲಿ ಅವರು ಅತ್ತಿದ್ದು ಅದೇ ಮೊದಲು. ಆಶಾ ಅವರು ಸಮಾಧಾನದ ಮಾತು ಆಡಲಿಲ್ಲ, ಎದ್ದೂ ಹೋಗಲಿಲ್ಲ. "ಹೇಳಿದ್ದು ಒಳ್ಳೇದಾಯ್ತು. ಇವತ್ತು ನಿಮ್ಮನ್ನ ಒಬ್ಬರೇ ಬಿಡಲ್ಲ" ಅಂದರು. ಅವತ್ತು ರಾತ್ರಿ ದೊಡ್ಡಪ್ಪ ಅವರ ಜೊತೆ ಮಲಗಿದರು. ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಹೋದರು.

ಇದರಲ್ಲಿ ಕಲಿಯುವುದಕ್ಕೆ ತುಂಬಾ ಇದೆ. ಆಕೆ ಮೊದಲು ನಿದ್ದೆ ಕೇಳಿದರು, ಯಾಕೆಂದರೆ ನಿದ್ದೆ, ಹಸಿವು, ಮೈನೋವು ಇವುಗಳ ಬಗ್ಗೆ ಮಾತಾಡಲು ನಮ್ಮ ಗಂಡಸರಿಗೆ ನಾಚಿಕೆ ಇಲ್ಲ. ಕೇಳಬೇಕಾದ್ದನ್ನು ಕೊನೆಗೆ ನೇರವಾಗಿಯೇ ಕೇಳಿದರು. "ಅಂಥ ಹುಚ್ಚು ಯೋಚನೆ ಏನೂ ಇಲ್ವಲ್ಲ?" ಅಂತ ಕೇಳಿದರೆ ಇಲ್ಲ ಅನ್ನದೆ ಇನ್ನೇನು ಅನ್ನುತ್ತಾರೆ? ಉತ್ತರ ನಾವೇ ಕೊಟ್ಟು ಕೇಳಿದ ಹಾಗೆ ಅದು. ಮಕ್ಕಳ ಮುಖ ನೋಡು, ನಿನಗಿಂತ ಕಷ್ಟ ಇರುವವರಿಲ್ವಾ, ಗಂಡಸಾಗಿ ಹೀಗೆ ಅಳ್ತಾರಾ ಅಂತ ಯಾವುದನ್ನೂ ಅನ್ನಲಿಲ್ಲ. ಆ ಮಾತುಗಳು ಪ್ರೀತಿಯಿಂದಲೇ ಬರುತ್ತವೆ, ನಾನೂ ಆಡಿದ್ದೇನೆ. ಕೇಳುವವರಿಗೆ ಮಾತ್ರ ಇನ್ನೊಂದು ಕಟ್ಟು ಏರಿಸಿದ ಹಾಗೆ ಆಗುತ್ತದೆ.

ಅವರು "ಹೌದು" ಅಂದರೆ ಮುಂದೇನು? ಯಾವಾಗ, ಹೇಗೆ ಅಂತ ಯೋಚಿಸಿದ್ದಾರಾ ಅಂತ ಕೇಳಿ. ತಯಾರಿ ಇದೆ ಅನ್ನಿಸಿದರೆ ಆ ವ್ಯಕ್ತಿಯ ಜೊತೆಯೇ ಇರಿ, ಅಪಾಯದ ವಸ್ತುಗಳನ್ನು ದೂರ ಸಾಗಿಸಿ, ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. "ಯಾರಿಗೂ ಹೇಳಲ್ಲ ಅಂತ ಆಣೆ ಮಾಡು" ಅಂದರೆ ಆಣೆ ಮಾಡಬೇಡಿ. "ಊರಿಗೆಲ್ಲ ಹೇಳಲ್ಲ, ಆದರೆ ನಿನ್ನ ಜೀವ ಉಳಿಸುವವರಿಗೆ ಹೇಳ್ತೀನಿ" ಅಂದರೆ ಸಾಕು.

ಊರಿನಲ್ಲಿ ಕಣ್ಣಿರುವವರು

ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯನ್ನು 2015-16 ರಲ್ಲಿ ನಿಮ್ಹಾನ್ಸ್ ಮಾಡಿತು. ಮಾನಸಿಕ ಕಾಯಿಲೆ ಇರುವವರಲ್ಲಿ ಕಾಯಿಲೆಗೆ ತಕ್ಕಂತೆ 100 ಕ್ಕೆ 70 ರಿಂದ 92 ಜನಕ್ಕೆ ಚಿಕಿತ್ಸೆಯೇ ಸಿಗುತ್ತಿಲ್ಲ ಅಂತ ಅದು ಹೇಳಿತು. ಪ್ರತಿ ಹೋಬಳಿಗೆ ಒಬ್ಬ ಮನೋವೈದ್ಯರು ಬರುವ ಕಾಲ ಹತ್ತಿರದಲ್ಲಿ ಇಲ್ಲ. ಹಾಗಾಗಿ ಡಾಕ್ಟರ್ ಅಲ್ಲದವರಿಗೆ ಕಲಿಸುವ ದಾರಿಯನ್ನು ನಮ್ಮ ದೇಶ ಮೊದಲಿನಿಂದಲೂ ಹುಡುಕಿದೆ, ಅದರಲ್ಲಿ ಕರ್ನಾಟಕದ ಪಾಲು ದೊಡ್ಡದು. 1980 ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು ಮಾಡಿದ ಪ್ರಯೋಗವೇ ಮುಂದೆ 1996 ರಲ್ಲಿ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿ ಆಯಿತು.

ಈಚಿನದರಲ್ಲಿ ನನಗೆ ತುಂಬಾ ಹಿಡಿಸಿದ್ದು ಮಹಾರಾಷ್ಟ್ರದ ವಿದರ್ಭದ್ದು. ರೈತರ ಸಾವಿಗೇ ಹೆಸರಾದ ಅಮರಾವತಿ ಜಿಲ್ಲೆಯ 30 ಹಳ್ಳಿಗಳಲ್ಲಿ 'ವಿಶ್ರಾಮ್' ಅಂತ ಒಂದು ಕಾರ್ಯಕ್ರಮ ನಡೆಯಿತು. ಹಳ್ಳಿಯವರಿಗೇ ತರಬೇತಿ, ಅವರೇ ಮನೆ ಮನೆಗೆ ಹೋಗಿ ಮಾತಾಡುವುದು, ಮನಸ್ಸಿನ ಕಾಯಿಲೆ ಅಂತ ಹಣೆಪಟ್ಟಿ ಹಚ್ಚದೆ ಜನ ತಾವೇ ಬಳಸುವ 'ಟೆನ್ಶನ್' ಅನ್ನುವ ಮಾತಿನಿಂದ ಶುರು ಮಾಡುವುದು. ಮೊದಲು ಖಿನ್ನತೆ ಇದ್ದವರಲ್ಲಿ 100 ಕ್ಕೆ 4 ಜನ ಮಾತ್ರ ನೆರವು ಪಡೆಯುತ್ತಿದ್ದರು. ಆಮೇಲೆ 27. ಸಾಯುವ ಯೋಚನೆ ಬಂದಿತ್ತು ಅನ್ನುವವರ ಪ್ರಮಾಣ ಅರ್ಧಕ್ಕೆ ಇಳಿಯಿತು. ಗುಜರಾತಿನ ಮೆಹ್ಸಾಣಾದಲ್ಲಿ 'ಆತ್ಮೀಯತಾ' ಅಂತ ಇಂಥದ್ದೇ ಇನ್ನೊಂದು ನಡೆಯಿತು. ಅಲ್ಲಿ ಊರಲ್ಲಿ ಜನ ನಂಬುವ ಒಬ್ಬ ಗಂಡಸೋ ಹೆಂಗಸೋ ನೊಂದವರ ಜೊತೆ ನಾಲ್ಕಾರು ಸಲ ಕೂತು ಮಾತಾಡುತ್ತಾರೆ, ಪಿಂಚಣಿ, ರೇಷನ್ ಅಂಥ ಸರ್ಕಾರಿ ಸವಲತ್ತು ಸಿಗುವ ಹಾಗೂ ಮಾಡುತ್ತಾರೆ.

ಆ ಕೊನೆಯದು ಸಣ್ಣ ಮಾತಲ್ಲ. ಸಮಾಧಾನ ಹೇಳಿದರೆ ಬಡ್ಡಿ ಇಳಿಯುವುದಿಲ್ಲ. ಬೆಳೆ ವಿಮೆ ದುಡ್ಡು ಯಾಕೆ ಬಂದಿಲ್ಲ ಅಂತ ರೈತ ಸಂಪರ್ಕ ಕೇಂದ್ರಕ್ಕೆ ಜೊತೆಯಲ್ಲಿ ಹೋಗಿ ಕೇಳುವುದೂ, ವಿಧವಾ ವೇತನದ ಅರ್ಜಿ ತುಂಬಿ ಕೊಡುವುದೂ ಆತ್ಮಹತ್ಯೆ ತಡೆಯುವ ಕೆಲಸವೇ. ಮೈಕ್ರೋಫೈನಾನ್ಸ್ ವಾರದ ಕಂತಿನವರ ಕಾಟಕ್ಕೆ 2025 ರ ಜನವರಿಯಲ್ಲಿ ಜನ ಮನೆಗೆ ಬೀಗ ಹಾಕಿ ಊರು ಬಿಟ್ಟು ಹೋದ ಸುದ್ದಿ ನಾವೆಲ್ಲ ಓದಿದೆವು. ಆ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಸುಗ್ರೀವಾಜ್ಞೆ ತಂದಿತು. ಸಾಲ ವಸೂಲಿಗೆ ಬೆದರಿಸುವುದು, ಹಿಂಬಾಲಿಸುವುದು, ಮನೆ ಮುಂದೆ ಕೂತು ಅವಮಾನ ಮಾಡುವುದು ಈಗ ಜೈಲಿಗೆ ಹೋಗುವ ಅಪರಾಧ, 10 ವರ್ಷದವರೆಗೂ ಶಿಕ್ಷೆ ಆಗಬಹುದು. ಈ ಒಂದು ಸಂಗತಿ ಸಂಘದ ಹೆಂಗಸರಿಗೆಲ್ಲ ಗೊತ್ತಿದ್ದರೆ ಎಷ್ಟೋ ಮನೆಯಲ್ಲಿ ರಾತ್ರಿ ನಿದ್ದೆ ಬಂದೀತು.

ನಮ್ಮ ಊರುಗಳಲ್ಲಿ ಇಂಥ ತರಬೇತಿ ಯಾರಿಗೆ ಕೊಡಬೇಕು ಅಂತ ಯೋಚಿಸುವಾಗ ಆಶಾ, ಅಂಗನವಾಡಿಯವರ ಹೆಸರು ಎಲ್ಲರೂ ಹೇಳುತ್ತಾರೆ. ಸರಿಯೇ. ಆದರೆ ಅವರ ತಲೆ ಮೇಲೆ ಈಗಾಗಲೇ ಹತ್ತು ಕೆಲಸ ಇದೆ, ಅವರು ಹೆಚ್ಚು ಮಾತಾಡುವುದೂ ಹೆಂಗಸರ ಜೊತೆ. ನನ್ನ ಪಟ್ಟಿಯಲ್ಲಿ ಮೊದಲು ಬರುವವರು ಡೇರಿ ಸೆಕ್ರೆಟರಿ. ದಿನಕ್ಕೆ ಎರಡು ಸಲ ಊರಿನ ಅರ್ಧ ಮನೆಯವರು ಅವರ ಮುಂದೆ ಕ್ಯಾನ್ ಹಿಡಿದು ನಿಲ್ಲುತ್ತಾರೆ. ಯಾರ ಹಾಲು ಕಡಿಮೆಯಾಯಿತು, ಯಾರು ಬರುವುದು ಬಿಟ್ಟರು, ಯಾರ ಬದಲು ಮಗ ಬರುತ್ತಿದ್ದಾನೆ, ಎಲ್ಲವೂ ಅವರ ಪುಸ್ತಕದಲ್ಲಿ ಇದೆ. ಆಮೇಲೆ ಗೊಬ್ಬರದ ಅಂಗಡಿಯವರು, ಪಿಗ್ಮಿ ಕಟ್ಟಿಸಿಕೊಳ್ಳುವವರು, ಕ್ಷೌರದ ಅಂಗಡಿಯವರು, ಪೂಜಾರಪ್ಪ, ದರ್ಗಾದ ಮುಜಾವರರು. ಮನಸ್ಸು ಕೆಟ್ಟಾಗ ಜನ ಮೊದಲು ಹೋಗುವುದು ದೇವರ ಹತ್ತಿರ. ಹೋಗಲಿ. ಅಲ್ಲಿ ನೂಲು ಕಟ್ಟುವವರೇ "ಡಾಕ್ಟರಿಗೂ ಒಂದು ಸಲ ತೋರಿಸಪ್ಪ" ಅಂದರೆ ನಮ್ಮ ನೂರು ಭಾಷಣಕ್ಕಿಂತ ಅದು ಜಾಸ್ತಿ ನಾಟುತ್ತದೆ.

ಇಷ್ಟೆಲ್ಲ ಇದ್ದರೂ ಈ ಕಣ್ಣುಗಳಿಗೆ ಬೀಳದವರು ಇದ್ದಾರೆ. ಹೊಸದಾಗಿ ಮದುವೆಯಾಗಿ ಬಂದ ಸೊಸೆ, ಅವಳನ್ನು ಹೊರಗಿನವರು ಮಾತಾಡಿಸುವುದೇ ಇಲ್ಲ. ಹೊಡೆತ ತಿನ್ನುವ ಹೆಂಗಸಿನ ಕಷ್ಟಕ್ಕೆ 'ಗಂಡ ಹೆಂಡಿರ ಜಗಳ' ಅಂತ ಹೆಸರಿಟ್ಟು ಬಿಡುತ್ತೇವೆ. ಅವಳಿಗೆ 181 ಅನ್ನುವ ಸಹಾಯವಾಣಿ ಇದೆ. ಮಕ್ಕಳೆಲ್ಲ ಬೆಂಗಳೂರು ಸೇರಿ, ಮಂಡಿ ನೋವು, ಕಣ್ಣಿನ ಪೊರೆಯ ಜೊತೆ ಒಬ್ಬರೇ ಉಳಿದ ಅಜ್ಜ. ಅವರಿಗೆ 14567. ತಾನು ಬೇರೆ ಥರ ಅಂತ ಹದಿನಾಲ್ಕಕ್ಕೇ ಗೊತ್ತಾಗಿ, ಯಾರಿಗೆ ಹೇಳಿದರೂ ಹೊಡೆತ ಅಂತಲೂ ಗೊತ್ತಾಗಿರುವ ಹುಡುಗ. ಬೇರೆ ಜಾತಿಯವರನ್ನು ಪ್ರೀತಿಸಿದ ಹುಡುಗಿ. ಇವರ ವಿಷಯದಲ್ಲಿ ಒಂದು ಕಹಿ ಸತ್ಯ ಹೇಳಲೇಬೇಕು. ಇವರಿಗೆ ಸಮುದಾಯವೇ ರಕ್ಷಣೆ ಅಲ್ಲ, ಕೆಲವು ಸಲ ಸಮುದಾಯವೇ ಕಷ್ಟ. ಊರವರನ್ನೆಲ್ಲ ಸೇರಿಸಿ ಪಂಚಾಯಿತಿ ಮಾಡಿದರೆ ಇವರ ಜೀವಕ್ಕೆ ಇನ್ನೂ ಅಪಾಯ. ಅಲ್ಲಿ ಊರಿನ ಬದಲು ಒಬ್ಬರೇ ಒಬ್ಬರು ಸಾಕು, ಬಾಯಿ ಮುಚ್ಚಿಕೊಂಡು ಕೇಳುವ ಒಬ್ಬ ಟೀಚರ್, ಒಬ್ಬ ಅಕ್ಕ.

ಪರೀಕ್ಷೆಯ ಫಲಿತಾಂಶದ ದಿನವೂ ಹಾಗೇ ಕಾಯಬೇಕಾದ ದಿನ. ಈಗ ಎಸ್‌ಎಸ್‌ಎಲ್‌ಸಿ, ಪಿಯುಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಮಾಡುತ್ತಾರೆ. ಫೇಲ್ ಆದರೆ ವರ್ಷ ಹಾಳಾಯಿತು ಅನ್ನುವುದು ಈಗ ಇಲ್ಲ. ಈ ಮಾತನ್ನು ಫಲಿತಾಂಶಕ್ಕೆ ವಾರ ಮೊದಲೇ ಮನೆಯಲ್ಲಿ ಆಡಿ, ಅವತ್ತು ಆಡಿದರೆ ಕೇಳಿಸುವುದಿಲ್ಲ.

ಆಸ್ಪತ್ರೆ, ಪೊಲೀಸ್, ಕೇಸ್

ಪ್ರಯತ್ನ ನಡೆದೇ ಬಿಟ್ಟಿದ್ದರೆ ತಡಮಾಡದೆ 108 ಕ್ಕೆ ಫೋನ್ ಮಾಡಿ. ಮನೆಮದ್ದು ಮಾಡುತ್ತಾ, ಬಾಯಿಗೆ ಏನೇನೋ ಕುಡಿಸುತ್ತಾ ಕೂರಬೇಡಿ. ಕೇಸ್ ಆಗುತ್ತದೆ ಅಂತ ಹೆದರಿ ಆಸ್ಪತ್ರೆಗೆ ಕರೆದೊಯ್ಯದೆ, ಹೋದರೂ ಸುಳ್ಳು ಹೇಳಿ ಜೀವ ಕಳೆದುಕೊಂಡ ಮನೆಗಳಿವೆ. 2017 ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115 ನೇ ಕಲಂ ಪ್ರಕಾರ ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿ ಇದ್ದರು ಅಂತಲೇ ಭಾವಿಸಬೇಕು, ಶಿಕ್ಷೆ ಇಲ್ಲ, ಬದಲಿಗೆ ಅವರಿಗೆ ಆರೈಕೆ, ಚಿಕಿತ್ಸೆ ಕೊಡುವುದು ಸರ್ಕಾರದ ಕೆಲಸ. 2024 ರ ಜುಲೈ 1 ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ, ಯತ್ನಿಸಿದವರಿಗೆ ಶಿಕ್ಷೆ ಅನ್ನುತ್ತಿದ್ದ ಹಳೆಯ ದಂಡ ಸಂಹಿತೆಯ 309 ನೇ ಕಲಂ ಇಲ್ಲವೇ ಇಲ್ಲ. ಸರ್ಕಾರಿ ನೌಕರರ ಕೈಕಟ್ಟಲು ಹಾಗೆ ಮಾಡಿದರೆ ಅಂತ ಬೇರೊಂದು ಕಲಂ ಇದೆ, ಸಾಮಾನ್ಯ ಮನೆಯ ಸಂಕಟಕ್ಕೂ ಅದಕ್ಕೂ ಸಂಬಂಧ ಇಲ್ಲ. ಪೊಲೀಸರು ಬಂದು ಹೇಳಿಕೆ ಬರೆದುಕೊಳ್ಳಬಹುದು. ಹೆದರಬೇಡಿ, ನಿಜ ಹೇಳಿ. ಏನಾಗಿದೆ ಅಂತ ಗೊತ್ತಾದರೆ ಡಾಕ್ಟರಿಗೆ ಉಳಿಸುವುದು ಸುಲಭ.

ಅಷ್ಟು ದೂರ ಹೋಗುವ ಮೊದಲೇ ತೋರಿಸುವುದಾದರೆ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರು ಇರುತ್ತಾರೆ. ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗೂ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆ ಇದೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಅಂತ ಆಶಾ ಅವರನ್ನು ಕೇಳಿ ಇಟ್ಟುಕೊಳ್ಳಿ. ಉತ್ತರ ಕರ್ನಾಟಕದವರಿಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಹತ್ತಿರ. ಬಸ್ ಚಾರ್ಜಿಗೂ ಕಷ್ಟ, ಯಾರಾದರೂ ನೋಡಿದರೆ ಏನಂದುಕೊಂಡಾರು ಅನ್ನುವವರಿಗೆ 14416. 2022 ರ ಅಕ್ಟೋಬರ್ 10 ರಂದು ಶುರುವಾದ ಆ ಸೇವೆಯನ್ನು ಮುನ್ನಡೆಸುತ್ತಿರುವುದೂ ನಮ್ಮ ನಿಮ್ಹಾನ್ಸೇ.

ಮನೆಗೆ ಬಂದ ಮೇಲೆ

ಆಸ್ಪತ್ರೆಯಿಂದ ಡಿಸ್ಚಾರ್ಜ್ ಆಗಿ ಬಂದ ಮನೆಯಲ್ಲಿ ಎರಡು ದಿನ ಜನಜಂಗುಳಿ. ಮೂರನೇ ದಿನದಿಂದ ಯಾರೂ ಇಲ್ಲ. ಎಲ್ಲರೂ ಆ ವಿಷಯವೇ ಎತ್ತದೆ, ಏನೂ ಆಗಿಲ್ಲ ಅನ್ನುವ ಹಾಗೆ ಇದ್ದುಬಿಡುತ್ತಾರೆ. ಮುಂದಿನ ಅಪಾಯ ಜಾಸ್ತಿ ಇರುವುದು ಇದೇ ವಾರಗಳಲ್ಲಿ.

ವಿಶ್ವ ಆರೋಗ್ಯ ಸಂಸ್ಥೆ ಐದು ದೇಶಗಳ ಐದು ಊರುಗಳಲ್ಲಿ ಒಂದು ಸರಳ ಪ್ರಯೋಗ ಮಾಡಿತು, ಅದರಲ್ಲಿ ಚೆನ್ನೈ, ಕೊಲಂಬೊ ಎರಡೂ ಇದ್ದವು. ಯತ್ನಿಸಿ ಆಸ್ಪತ್ರೆಗೆ ಬಂದ 1,867 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಮಾಮೂಲಿ ಚಿಕಿತ್ಸೆ. ಇನ್ನೊಂದಕ್ಕೆ ಅದರ ಜೊತೆಗೆ ಮನೆಗೆ ಹೋಗುವ ಮೊದಲು ಒಂದು ಗಂಟೆ ಮಾತು, ಆಮೇಲೆ ಹದಿನೆಂಟು ತಿಂಗಳಲ್ಲಿ ಒಂಬತ್ತು ಸಲ ಫೋನ್ ಮಾಡಿಯೋ ಮನೆಗೆ ಹೋಗಿಯೋ "ಹೇಗಿದ್ದೀರಿ" ಅಂತ ವಿಚಾರಿಸುವುದು. ಅಷ್ಟೇ, ಹೊಸ ಮಾತ್ರೆ ಇಲ್ಲ, ಯಂತ್ರ ಇಲ್ಲ. 2008 ರಲ್ಲಿ ಫಲಿತಾಂಶ ಬಂತು. ಹದಿನೆಂಟು ತಿಂಗಳಲ್ಲಿ ಮಾಮೂಲಿ ಗುಂಪಿನಲ್ಲಿ ಆತ್ಮಹತ್ಯೆಯಿಂದ ಸತ್ತವರು 100 ಕ್ಕೆ 2.2. ವಿಚಾರಿಸಿದ ಗುಂಪಿನಲ್ಲಿ 0.2.

ನಾನು ಈ ಅಂಕಿಯನ್ನು ಮೊದಲ ಸಲ ಓದಿದಾಗ ನಂಬಲಿಲ್ಲ, ಮತ್ತೆ ಓದಿದೆ.

ಆ ಒಂಬತ್ತು ಭೇಟಿಗಳು ಯಾವಾಗ ಅನ್ನುವುದೂ ಗೊತ್ತಿದೆ: 1, 2, 4, 7, 11 ನೇ ವಾರ, ಆಮೇಲೆ 4, 6, 12, 18 ನೇ ತಿಂಗಳು. ಮೊದಲು ಹತ್ತಿರ ಹತ್ತಿರ, ಆಮೇಲೆ ದೂರ ದೂರ, ಎದೆಹಾಲು ಬಿಡಿಸಿದ ಹಾಗೆ. ಇದಕ್ಕೆ ಡಾಕ್ಟರ್ ಬೇಕಾಗಿಲ್ಲ. ಹೇಳಿದ ದಿನ ಹೇಳಿದ ಹಾಗೆ ಬರುವ ಒಬ್ಬ ಮನುಷ್ಯ ಬೇಕು.

ಮಾವನ ಮನೆಯಲ್ಲಿ ಆಶಾ ಅವರು ಮಾಡಿದ್ದೂ ಹೆಚ್ಚು ಕಡಿಮೆ ಇದೇ. ಅಡುಗೆಮನೆ ಬಾಗಿಲ ಪಕ್ಕ ತೂಗುಹಾಕಿದ ಕ್ಯಾಲೆಂಡರಿನಲ್ಲಿ, ಅಮಾವಾಸ್ಯೆಗೂ ಸಂಕಷ್ಟಿಗೂ ನಡುವೆ, ನೀಲಿ ಪೆನ್ನಿನಲ್ಲಿ ಸಣ್ಣ ಸುತ್ತು ಹಾಕಿ ಹೋಗಿದ್ದರು. ಒಂದು ಸಲ ಮಳೆ, ಅವರು ಬರುವುದು ಸಂಜೆಯಾಯಿತು. ಮಾವ ಮಧ್ಯಾಹ್ನದಿಂದಲೇ ಜಗಲಿಯಲ್ಲಿ ಕೂತಿದ್ದರು. ಅತ್ತೆ ಒಳಗೆ ಕರೆದರೆ, "ಇರು, ಇವತ್ತು ಅವಳು ಬರುವ ದಿನ" ಅಂದರು.